ಬೋನ್ಸಾಯ್ ಬೆಳೆಸೋದು ಗಿಡಕ್ಕೆ ಮಾಡೋ ಹಿಂಸೆನಾ?

ಅರಳಿ ಮರದಂಥದ್ದನ್ನ ತಟ್ಟೆಯಷ್ಟಗಲದ ಕುಂಡದಲ್ಲಿಟ್ಟು, ಬೇರು ಕತ್ತರಿಸಿ ತಂತಿ ಸುತ್ತಿ ಬೆಳೆಸೋದು ಪಾಪ ಅಲ್ವಾ ಅಂತ ಕೇಳಿದೀರ, ಮನೇಲಿ ಅಮ್ಮನೂ ಬೇಡ ಅಂತಿದಾರೆ ಅಂದ್ರಿ. ನಾನು ಬೆಂಗಳೂರಲ್ಲಿ ಟೆರೇಸ್ ಮೇಲೆ ಅರಳಿ, ಬಸರಿ, ಹುಣಸೆ ಎಲ್ಲ ಬೆಳೆಸ್ತಿದೀನಿ. ನನ್ನ ಪ್ರಕಾರ ಗಿಡನ ಚಿಕ್ಕದಾಗಿ ಇಡೋದ್ರಲ್ಲಿ ಹಿಂಸೆ ಇಲ್ಲ, ತಂದಿಟ್ಟು ಮರೆತುಬಿಡೋದ್ರಲ್ಲಿ ಇದೆ.

ನೀರು ಗೊಬ್ಬರ ಕಮ್ಮಿ ಕೊಟ್ಟು, ಉಪವಾಸ ಕೆಡವಿ ಕುಳ್ಳ ಮಾಡ್ತಾರೆ ಅಂತ ಸುಮಾರು ಜನ ನಂಬಿದಾರೆ. ಹಾಗೆ ಮಾಡಿದ್ರೆ ಗಿಡ ಸಾಯುತ್ತೆ ಅಷ್ಟೆ. ಮಳೆಗಾಲಕ್ಕೆ ಮುಂಚೆ ಅರಳಿನ ಟ್ರೇಯಿಂದ ಎತ್ತಿ ನೋಡಿದ್ರೆ ಬೇರೆಲ್ಲ ಅಂಚಿಗೇ ಸುತ್ತಿಕೊಂಡು ಚಾಪೆ ಹೆಣೆದ ಹಾಗಾಗಿರುತ್ತೆ, ಹಾಕಿದ ನೀರು ಒಳಗೆ ಇಳಿಯೋದೇ ಇಲ್ಲ. ಒಂದು ಕಡ್ಡಿ ತಗೊಂಡು ನಿಧಾನಕ್ಕೆ ಬಿಡಿಸಿ, ಸುಮಾರು ಮೂರನೇ ಒಂದು ಭಾಗ ಕತ್ತರಿಸಿ, ಇಟ್ಟಿಗೆ ಚೂರು, ದಪ್ಪ ಮರಳು, ಎರೆಗೊಬ್ಬರ ಸೇರಿಸಿದ ಹೊಸ ಮಣ್ಣಿಗೆ ಕೂರಿಸಿ ಸ್ವಲ್ಪ ದಿನ ನೆರಳಲ್ಲಿಟ್ರೆ ತುದೀಲಿ ಕೆಂಪಗೆ ಚಿಗುರು ಬಿಡುತ್ತೆ. ಕುಂಡದ ಗಿಡಕ್ಕೆ ಬೇರು ಕತ್ತರಿಸದೆ ಬಿಡೋದೇ ತೊಂದರೆ.

ಕತ್ತರಿಸಿದಾಗ ಹಾಲು ಒಸರುತ್ತಲ್ಲ, ಅದನ್ನ ನೋಡಿ ರಕ್ತ ಅಂತ ಮರುಗ್ತಾರೆ. ಆ ಹಾಲು ಗಟ್ಟಿಯಾಗಿ ಗಾಯ ಮುಚ್ಚುತ್ತೆ, ಹುಳನೂ ದೂರ ಇಡುತ್ತೆ. ಗಾಯ ಆದ್ರೆ ಗಿಡದೊಳಗೆ ಸಿಗ್ನಲ್ ಓಡುತ್ತೆ ಅನ್ನೋದು ನಿಜ, ಆದ್ರೆ ನರ ಇಲ್ಲ ಮೆದುಳಿಲ್ಲ, ನಮ್ಮ ಥರ ನೋವು ಅನುಭವಿಸುತ್ತೆ ಅನ್ನೋಕೆ ಆಧಾರ ಇಲ್ಲ. ಹಾಗೆ ನೋಡಿದ್ರೆ ಶಿಡ್ಲಘಟ್ಟ, ರಾಮನಗರದ ಕಡೆ ಹಿಪ್ಪುನೇರಳೆ ತೋಟದಲ್ಲಿ ವರ್ಷಕ್ಕೆ ಎಷ್ಟು ಸಲ ಗಿಡನ ಬುಡದ ತನಕ ಕಟಾವು ಮಾಡ್ತಾರೆ! ಟೀ ಕೂಡ ಬಿಟ್ರೆ ಮರ ಆಗುತ್ತೆ, ಸೊಂಟದೆತ್ತರಕ್ಕೆ ಇಟ್ಟಿರೋದು ನಾವೇ. ಅದನ್ನೆಲ್ಲ ಯಾರೂ ಪಾಪ ಅನ್ನಲ್ಲ.

ಇನ್ನೊಂದು ಹೇಳ್ಲೇಬೇಕು, ನನ್ನ ಹತ್ರ ಇರೋ ಅರಳಿಗಳು ಹಳೇ ಕಟ್ಟಡಗಳ ಪ್ಯಾರಾಪೆಟ್ ಬಿರುಕಲ್ಲಿ ಹುಟ್ಟಿದ್ದವು, ಅಲ್ಲಿದ್ದಿದ್ರೆ ಆಸಿಡ್ ಸುರಿದು ಸಾಯಿಸ್ತಿದ್ರು. ಅಮ್ಮನಿಗೆ ಇದನ್ನ ಹೇಳಿ ನೋಡಿ.

ಜಪಾನಿನ ಹಿರೋಷಿಮಾದ ಯಮಾಕಿ ಅನ್ನೋ ಮನೆತನದ ಹತ್ರ ಒಂದು ಬಿಳಿ ಪೈನ್ ಇತ್ತು, 1625ರಿಂದ ಬೋನ್ಸಾಯ್ ಆಗಿ ಬೆಳೆದಿದ್ದು. 1945ರ ಅಣುಬಾಂಬಿಂದ ಗೋಡೆ ಮರೆಯಲ್ಲಿ ಉಳಕೊಂಡಿತು, 1976ರಲ್ಲಿ ಅವರು ಅದನ್ನ ಬಾಂಬ್ ಹಾಕಿದ ಅಮೆರಿಕಾಗೇ ಉಡುಗೊರೆ ಕೊಟ್ರು, ಈಗ ವಾಷಿಂಗ್ಟನ್ ಮ್ಯೂಸಿಯಂನಲ್ಲಿದೆ. ಬಾಂಬಿಂದ ಪಾರಾದ ಮರ ಅನ್ನೋದು ಅಲ್ಲಿನವರಿಗೆ ತಿಳಿದಿದ್ದೇ 2001ರಲ್ಲಿ ಮೊಮ್ಮಕ್ಕಳು ನೋಡೋಕೆ ಬಂದಾಗ. ಅಷ್ಟಗಲ ಕುಂಡದಲ್ಲಿ ಅಷ್ಟು ತಲೆಮಾರು ಬದುಕಿದೆ ಅಂದ್ರೆ ಪ್ರತಿ ತಲೆಮಾರಲ್ಲೂ ಯಾರೋ ಒಬ್ಬರು ದಿನಾ ನೀರು ಹಾಕಿದಾರೆ ಅಂತಲೇ ಅಲ್ವಾ.

ಹಿಂಸೆ ನಾನು ನೋಡೋದು ಬೇರೆ ಕಡೆ. ಕಾಡಲ್ಲಿ ಹಳೇ ಗಿಡನ ಬುಡಸಮೇತ ಕಿತ್ತು ತರ್ತಾರೆ, ಎಷ್ಟೋ ಗಿಡ ಬದುಕೋದೇ ಇಲ್ಲ. ಗಿಫ್ಟ್ ಅಂತ ಮಾರೋ ಕೆಲವು ಗಿಡಗಳಿಗೆ ಮಣ್ಣಿನ ಮೇಲೆ ಕಲ್ಲು ಅಂಟಿಸಿರ್ತಾರೆ, ನೀರೇ ಇಳಿಯಲ್ಲ, ಅದನ್ನ ತಗೊಂಡೋಗಿ ಎಸಿ ರೂಮಲ್ಲಿ ಟೇಬಲ್ ಮೇಲೆ ಇಟ್ರೆ ಬಿಸಿಲಿಲ್ಲದೆ ಎಲೆ ಉದುರಿ ಒಣಗುತ್ತೆ. ಸುತ್ತಿದ ತಂತಿ ಬಿಚ್ಚೋಕೆ ಮರೆತು ತೊಗಟೆ ಒಳಗೇ ಹೂತುಹೋಗಿರೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಏಪ್ರಿಲ್ ಬಿಸಿಲಲ್ಲಿ ದಿನಾ, ಒಂದೊಂದು ದಿನ ಎರಡು ಹೊತ್ತು ನೀರು ಬೇಕು, ಊರಿಗೆ ಹೋದ್ರೆ ಪಕ್ಕದ ಮನೆಯವರಿಗೆ ಹೇಳಿ ಹೋಗ್ಬೇಕು. ಅಷ್ಟು ಆಗುತ್ತೆ ಅನ್ಸಿದ್ರೆ ಒಂದು ಅರಳಿನೋ ಜೇಡ್ ಗಿಡನೋ ತಗೊಂಡು ಶುರು ಮಾಡಿ, ಆಗಲ್ಲ ಅನ್ಸಿದ್ರೆ ಲಾಲ್‌ಬಾಗಲ್ಲಿ ಫ್ಲವರ್ ಶೋ ಟೈಮಲ್ಲಿ ಬೋನ್ಸಾಯ್ ಇಟ್ಟಿರ್ತಾರೆ, ಅಮ್ಮನ್ನೂ ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ.