ನೌಕರಿ ಬಿಟ್ಟು ಯೋಗ ಶಿಕ್ಷಕರ ತರಬೇತಿಗೆ ಸೇರಬಹುದೇ?

ಜಮಖಂಡಿಯಲ್ಲಿ ಖಾಸಗಿ ನೌಕರಿಯಲ್ಲಿರುವ ನೀವು, ಅದನ್ನು ಬಿಟ್ಟು 200 ಗಂಟೆಗಳ ಯೋಗ ಶಿಕ್ಷಕರ ತರಬೇತಿಗೆ ಸೇರಿದರೆ ನನ್ನಲ್ಲಿ ಬದಲಾವಣೆ ಬಂದೀತೇ, ಅದೇ ಜೀವನಕ್ಕೆ ಆಧಾರವಾದೀತೇ ಎಂದು ಕೇಳಿದ್ದೀರಿ. ತರಬೇತಿಗೆ ಖಂಡಿತ ಸೇರಿ. ನೌಕರಿಯನ್ನು ಮಾತ್ರ ಈಗಲೇ ಬಿಡಬೇಡಿ. ನಾನು ವಿಜಯಪುರದಲ್ಲಿ ಒಂಬತ್ತು ವರ್ಷಗಳಿಂದ ಯೋಗ ಕಲಿಸುತ್ತಿದ್ದೇನೆ. ಮೊದಲ ಎರಡು ವರ್ಷ ನನ್ನ ಖರ್ಚು ನಡೆದದ್ದು ಮಕ್ಕಳಿಗೆ ಹೇಳುತ್ತಿದ್ದ ಗಣಿತದ ಟ್ಯೂಷನ್‌ನಿಂದ.

ತರಬೇತಿಗೆ ಹೋಗುವ ಹೊತ್ತಿಗೆ ನನಗೆ ಆರು ವರ್ಷಗಳ ಅಭ್ಯಾಸವಿತ್ತು. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ಸಲೀಸಾಗಿ ತಾಗುತ್ತಿತ್ತು. ಮೂರನೆಯ ವಾರ ಒಂದು ದಿನ ಗುರುಗಳು ನನ್ನನ್ನು ಗೋಡೆಯ ಬದಿಗೆ ನಿಲ್ಲಿಸಿ, "ಇವತ್ತು ನೀನು ಆಸನ ಮಾಡಬೇಡ, ನೋಡು" ಎಂದರು. ನಿಂತು ನೋಡಿದೆ. ಒಬ್ಬರು ಉಸಿರು ಕಟ್ಟಿಕೊಂಡಿದ್ದರು. ಇನ್ನೊಬ್ಬರ ಭುಜ ಕಿವಿಯವರೆಗೆ ಏರಿತ್ತು. ಮತ್ತೊಬ್ಬರು ಹಲ್ಲು ಕಚ್ಚಿಕೊಂಡೇ ಬಾಗುತ್ತಿದ್ದರು. ದಿನವೂ ಅವರ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದ ನನಗೆ ಇದೊಂದೂ ಅದುವರೆಗೆ ಕಂಡಿರಲಿಲ್ಲ.

ಮನೆಗೆ ಬಂದ ಮರುದಿನ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿದು ಮುಗಿಸಿ ಏಳುತ್ತಿದ್ದರು. ಎಡ ಮೊಣಕಾಲಿಗೆ ಕೈ ಊರಿ, ಇನ್ನೊಂದು ಕೈಯಿಂದ ಗೋಡೆ ಹಿಡಿದು, ಒಂದು ಕ್ಷಣ ಹಾಗೇ ನಿಂತರು. ಎಂದಿನಿಂದ ನೋವು ಎಂದು ಕೇಳಿದೆ. ನಾಲ್ಕು ವರ್ಷವಾಯಿತು ಎಂದರು. ಆ ನಾಲ್ಕು ವರ್ಷವೂ ನಾನು ಅದೇ ಮನೆಯಲ್ಲಿದ್ದೆ. ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಮೇಲೆ, ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೀಡುವುದರಿಂದ ಆರಂಭಿಸಿದೆವು. ನನ್ನ ಮೊದಲ ಶಿಷ್ಯೆ ಅವರೇ. ತರಬೇತಿಯಿಂದ ನಾನು ಏನು ಬೆಳೆದೆ ಎಂದು ಯಾರು ಕೇಳಿದರೂ ಈ ಅಡುಗೆಮನೆಯ ಬೆಳಗನ್ನೇ ಹೇಳುತ್ತೇನೆ.

ಪತಂಜಲಿಯ ಯೋಗಸೂತ್ರಗಳು ಇನ್ನೂರರ ಸಮೀಪ ಇವೆ. ಆಸನವನ್ನು ವಿವರಿಸುವವು ಅವುಗಳಲ್ಲಿ ಮೂರೇ ಮೂರು. "ಸ್ಥಿರಸುಖಮಾಸನಂ", ಅಂದರೆ ಸ್ಥಿರವಾಗಿ ಸುಖವಾಗಿ ಇರುವುದೇ ಆಸನ, ಎಂಬುದು ಅವುಗಳಲ್ಲಿ ಮೊದಲನೆಯದು. ಉಳಿದದ್ದೆಲ್ಲ ಹೆಚ್ಚಾಗಿ ಮನಸ್ಸಿನ ವಿಚಾರ. ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿಯಲ್ಲಿ ನಮ್ಮನ್ನು ಅಗಲುವವರೆಗೂ ಇಂಥ ಮಾತುಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಪ್ರವಚನಕ್ಕೆ ಹೋಗಿ ಕೇಳಿದ "ಚಿತ್ತವೃತ್ತಿ" (ಮನಸ್ಸಿನಲ್ಲಿ ಏಳುವ ಅಲೆಗಳು) ಎಂಬ ಪದ ನನಗೆ ನಾಟಿದ್ದು ತರಬೇತಿಯಲ್ಲಿ, ಬೆಳಗಿನ ನಾಲ್ಕೂವರೆಗೆ ಎದ್ದು ಸುಮ್ಮನೆ ಕೂರಬೇಕಾಗಿ ಬಂದಾಗ.

ಇನ್ನು ವೃತ್ತಿಯ ವಿಷಯ. ಆಯುಷ್ ಸಚಿವಾಲಯದಡಿಯ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ ಬರೆಯಿರಿ. ಮೊದಲ ಹಂತದ ಪಠ್ಯ 200 ಗಂಟೆ, ಎರಡನೆಯದು 400. ಅಮೆರಿಕದ ಯೋಗ ಅಲೈಯನ್ಸ್ ಎಂಬ ಸಂಸ್ಥೆಯ ನೋಂದಣಿ ವಿದೇಶಿಯರಿಗೆ ಕಲಿಸುವವರಿಗೆ ಅನುಕೂಲ. ಜಮಖಂಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಸ್ನಾತಕೋತ್ತರ ಪದವಿ ಬೇಕು.

ಸಂಸ್ಥೆಯನ್ನು ಆರಿಸುವಾಗ ಎಚ್ಚರವಿರಲಿ. ಮುಂದೆ ನಾನು ಸೇರಿದ ಇನ್ನೊಂದು ತರಬೇತಿಯಲ್ಲಿ ಯಾರ ಆರೋಗ್ಯವನ್ನೂ ವಿಚಾರಿಸದೆ ಎಲ್ಲರಿಂದಲೂ ರಭಸವಾಗಿ ಉಸಿರು ಹೊರಹಾಕುವ ಕಪಾಲಭಾತಿ ಮಾಡಿಸಿದರು. ಅಧಿಕ ರಕ್ತದೊತ್ತಡವಿದ್ದ ಒಬ್ಬ ಅಕ್ಕ ತಲೆ ಸುತ್ತಿ ಕುಸಿದರು. ನನಗೆ ಇಂದಿಗೂ ಆ ಸಿಟ್ಟು ಆರಿಲ್ಲ. ಹಾಗಾಗಿ ಹಣ ಕಟ್ಟುವ ಮುನ್ನ, ಸೇರುವವರ ಆರೋಗ್ಯ ವಿಚಾರಿಸುತ್ತಾರೆಯೇ ಎಂದು ತಿಳಿದುಕೊಳ್ಳಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಹೊರಗಿನ ಜನರಿಗೆ ಎಷ್ಟು ಗಂಟೆ ಪಾಠ ಮಾಡಲು ನಮ್ಮನ್ನು ಬಿಡುತ್ತೀರಿ? ಉತ್ತರ ತೊದಲಿದರೆ ಎದ್ದು ಬನ್ನಿ.

ಏಕೆಂದರೆ ಕಲಿಸುತ್ತಲೇ ಕಲಿಯಬೇಕಾದ ವಿದ್ಯೆ ಇದು. ಮುಂದೆ ಜಗತ್ತಿನೆಲ್ಲೆಡೆ ಹೆಸರಾದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಹದಿಹರೆಯದಲ್ಲೇ, 1936ರಲ್ಲಿ, ಧಾರವಾಡದ ಮಹಿಳೆಯರಿಗೆ ಪಾಠ ಹೇಳಿದರು. ಮರುವರ್ಷ ಆರು ತಿಂಗಳ ಮಟ್ಟಿಗೆಂದು ಪುಣೆಗೆ ಹೋದವರು ಅಲ್ಲೇ ನೆಲೆ ನಿಂತರು. ನನ್ನ ಮೊದಲ ತರಗತಿಯಲ್ಲಿ ನಾನು ಸಂಸ್ಕೃತ ಹೆಸರುಗಳನ್ನೇ ಒಪ್ಪಿಸುತ್ತಿದ್ದೆ, ಹಿರಿಯ ಹೆಂಗಸರು ಮಿಕಮಿಕ ನೋಡುತ್ತಿದ್ದರು. ಒಂದು ದಿನ ಚಕ್ಕಿ ಚಲನಾಸನಕ್ಕೆ "ಬೀಸುಕಲ್ಲು ತಿರುವಿದ ಹಾಗೆ" ಎಂದೆ. ಎಪ್ಪತ್ತರ ಅಜ್ಜಿಯೊಬ್ಬರು ನನಗಿಂತ ಚೆನ್ನಾಗಿ ತಿರುಗಿ, ಬೀಸುವ ಪದವೊಂದನ್ನು ಗುನುಗಿದರು. ಅಂದಿನಿಂದ ಆ ತರಗತಿ ನಿಂತಿಲ್ಲ.

ಆದಾಯ ಏರಿಳಿಯುತ್ತದೆ. ಜೂನ್ 21ರ ಯೋಗ ದಿನದ ಹೊತ್ತಿಗೆ ಕೊಠಡಿ ತುಂಬುತ್ತದೆ, ಶ್ರಾವಣ ಮುಗಿಯುವಾಗ ಅರ್ಧ ಜನ ಉಳಿದಿರುತ್ತಾರೆ. ನಲ್ಲಿಗೆ ನೀರು ಬಿಡುವ ದಿನ ಹತ್ತೂವರೆಯ ಮಹಿಳಾ ತರಗತಿಗೆ ನಾಲ್ವರು ಬಂದರೆ ಹೆಚ್ಚು. ಮೊದಲ ವರ್ಷ ಸಂಕೋಚಕ್ಕೆ ಉಚಿತವಾಗಿ ಕಲಿಸಿದೆ, ಯಾರೂ ಸಮಯಕ್ಕೆ ಬರಲಿಲ್ಲ. ತಿಂಗಳಿಗೆ 500 ರೂಪಾಯಿ ಎಂದು ಹೇಳಿದ ಮೇಲೆ ಬರತೊಡಗಿದರು. ಈಗ ಎರಡು ತರಗತಿಗಳಿಂದ ನನ್ನ ಪಾಲಿನ ಖರ್ಚು ನಡೆದು ಸ್ವಲ್ಪ ಉಳಿಯುತ್ತದೆ.

ವಿಜಯಪುರಕ್ಕೆ ಬಂದರೆ ಬೆಳಿಗ್ಗೆ ಐದೂವರೆಯ ತರಗತಿಗೆ ಬನ್ನಿ. ಚಾಪೆ ತರಬೇಡಿ. ಗೋಡೆಯ ಬದಿಗೆ ಒಂದು ಕುರ್ಚಿ ಹಾಕಿಸಿರುತ್ತೇನೆ.