ಸಾಕ್ಷಿಯ ಹೇಳಿಕೆ ಎರಡು ಬಗೆಯಾದರೆ ಅದು ಸುಳ್ಳೇ?

ಪುಣೆಯಲ್ಲಿ ಕಟ್ಟಡ ಕೆಲಸಕ್ಕಿರುವ ನಿಮ್ಮ ಅತ್ತಿಗೆ ಕಣ್ಣೆದುರೇ ಹಲ್ಲೆ ಕಂಡು ಬೆದರಿದ್ದಾರೆ, ಹೇಳಿಕೆ ಎರಡು ಬಗೆಯಾಗಿದೆ, ಪೊಲೀಸರಿಗೆ ಅನುಮಾನ. ಇಂಥವರನ್ನು ವಿಚಾರಿಸುವ ಸರಿಯಾದ ಕ್ರಮ ಯಾವುದು ಎಂದು ಕೇಳಿದ್ದೀರಿ. ನಾನು ಇಲ್ಲಿನ ಠಾಣೆಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯವರ ಕನ್ನಡವನ್ನು ಮರಾಠಿಗೆ ತಿಳಿಸುವವಳು. ಆದ್ದರಿಂದ ನನ್ನ ಮೊದಲ ಅನುಮಾನ ದುಭಾಷಿಯ ಮೇಲೆ.

ಮೈದುನನಿಗೆ ಚೂರಿ ಹಾಕಿದ್ದನ್ನು ಕಂಡ ಒಬ್ಬ ಹೆಂಗಸು "ಕಣ್ಣಿಗೆ ಕತ್ತಲೆ ಬಂತು" ಎಂದಿದ್ದಳು. ಅವಸರಕ್ಕೆ ಕರೆತಂದ ಹೋಟೆಲಿನ ಹುಡುಗ ಅದನ್ನು "ಅಂಧಾರ್ ಝಾಲಾ ಹೋತಾ" ಎಂದುಬಿಟ್ಟ. ಹಗಲಿನ ಘಟನೆ ಕಾಗದದಲ್ಲಿ ರಾತ್ರಿಯಾಯಿತು! "ಡೋಳ್ಯಾಂಸಮೋರ್ ಅಂಧಾರೀ ಆಲೀ" ಎಂಬ ಮಾತು ಮರಾಠಿಯಲ್ಲೂ ಇದೆ, ಪಾಪ ಅವನಿಗೆ ಹೊಳೆಯಲಿಲ್ಲ. ಪುರವಣಿ ಜಬಾಬಿನ, ಅಂದರೆ ಪೂರಕ ಹೇಳಿಕೆಯ, ದಿನ ನಾನು ಹೋದೆ. ಎಷ್ಟು ಗಂಟೆ ಎಂದು ಅಧಿಕಾರಿ ಮೂರು ಸಲ ಗದರಿದರು. ಅವಳು ನಾಲ್ಕು ಎಂದಳು, ಆರು ಎಂದಳು, ಕೊನೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸುಮ್ಮನಾದಳು. ಪಕ್ಕದಲ್ಲಿದ್ದ ಮಹಿಳಾ ಹವಾಲ್ದಾರ್ ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, "ಆಗ ನಿನ್ನ ಕೈಯಲ್ಲಿ ಏನಿತ್ತು?" ಎಂದಷ್ಟೇ ಕೇಳಿದರು.

"ಖಾಲಿ ಕೊಡ. ನೀರಿನ ಟ್ಯಾಂಕರ್ ಬಂದಿತ್ತು."

ಟ್ಯಾಂಕರ್ ಬಂದ ಹೊತ್ತು ಗೇಟಿನ ರಿಜಿಸ್ಟರಿನಲ್ಲಿತ್ತು: 4.40.

ಜೀವ ಬಾಯಿಗೆ ಬಂದಾಗ ಸದ್ದು, ವಾಸನೆ, ಕೈಯಲ್ಲಿದ್ದ ವಸ್ತು ಅಚ್ಚೊತ್ತಿ ಉಳಿಯಬಹುದು. ಗಂಟೆ, ಹಿಂದುಮುಂದು ಕಲಸಿಹೋಗಬಹುದು. ಅಮೆರಿಕದ ಮನೋವಿಜ್ಞಾನಿಗಳಾದ ಗೈಸಲ್‌ಮನ್ ಮತ್ತು ಫಿಶರ್ 1980ರ ದಶಕದಲ್ಲಿ ರೂಪಿಸಿದ ವಿಚಾರಣಾ ಕ್ರಮದ ತಿರುಳೂ ಹೆಚ್ಚುಕಡಿಮೆ ಇದೇ: ಆ ಜಾಗ, ಆ ಹೊತ್ತನ್ನು ನೆನಪಿಗೆ ತಂದುಕೊಳ್ಳಲು ಬಿಡಬೇಕು, ಚಿಲ್ಲರೆ ಸಂಗತಿಯನ್ನೂ ಹೇಳಿಸಬೇಕು, ನಡುವೆ ಬಾಯಿ ಹಾಕಬಾರದು. ಕೈ ನಡುಗಿದರೆ ನಿಲ್ಲಿಸಬೇಕು. "ಯಾಕೆ ಕೂಗಿಕೊಳ್ಳಲಿಲ್ಲ?" ಎಂದಂತೂ ಕೇಳಲೇಬಾರದು. ಭಯಕ್ಕೆ ಗಂಟಲು ಕಟ್ಟುತ್ತದೆ ಎಂಬುದು ಪೊಲೀಸರಿಗೆ ತಿಳಿಯದ ಸಂಗತಿಯೇ?

ಇನ್ನು ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನ ಪ್ರಕಾರ ಹೆಂಗಸರನ್ನು ಹೇಳಿಕೆಗೆಂದು ಠಾಣೆಗೆ ಬರಲೇಬೇಕೆನ್ನುವಂತಿಲ್ಲ, ಅವರಿರುವಲ್ಲಿಗೇ ಪೊಲೀಸರು ಹೋಗಬೇಕು. ಆದರೆ ಆರೋಪಿಯ ಕಡೆಯವರು ಪಕ್ಕದ ಶೆಡ್ಡಿನಲ್ಲೇ ಇದ್ದರೆ ಠಾಣೆಯೇ ಮೇಲು. ಹೇಳಿಕೆ ಕೊಡುವ ಹೆಂಗಸು ತಾನಾಗಿಯೇ ಒಪ್ಪಿದರೆ ಅಲ್ಲಿಗೂ ಹೋಗಬಹುದು. 180ನೆಯ ಕಲಮು ಧ್ವನಿ, ದೃಶ್ಯ ದಾಖಲೆಗೂ ಅವಕಾಶ ಕೊಡುತ್ತದೆ. ಪುರವಣಿ ಜಬಾಬು ಬೇಕೆಂದು ಲಿಖಿತ ಅರ್ಜಿ ಕೊಡಿ, ದಾಖಲೆಯಲ್ಲಿ ಅತ್ತಿಗೆಯ ಕನ್ನಡವೇ ಇರಲಿ ಎಂದು ಅದರಲ್ಲೇ ಬರೆಯಿರಿ. ನಾಳೆ ನಾನೇ ತಪ್ಪು ಅನುವಾದಿಸಿದರೂ ಆಗ ತಿದ್ದಬಹುದು.