ಆರು ವರ್ಷ ಹಳೆಯ ರಾಜ್ಮಾ ಬೇಯುತ್ತದೆ, ಆದರೆ...

ತುರ್ತಿಗೆಂದು ಕೂಡಿಟ್ಟ ಆರು ವರ್ಷದ ರಾಜ್ಮಾ ಚರ್ಚ್ ಗುಂಪಿನ 40 ಜನರ ಊಟಕ್ಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ಸುಮ್ನೆ ಕುದಿಸಿದರೆ ಸಾಲದು. ನಾವೊಮ್ಮೆ ಮೂರು ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕಿತ್ತು. ಟೊಮೇಟೊ ಮೊದಲೇ ಸುರಿದಿದ್ದೆವು, ನಮ್ಮದೇ ತಪ್ಪು! ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ.

ಚಿಟಿಕೆ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರಲ್ಲಿ ಪ್ರೆಶರ್ ಕುಕ್ಕರಿಗೆ ಇಡಿ. ಕಡಿಮೆ ಶಾಖದಲ್ಲಿ ನಿಧಾನಕ್ಕೆ ಬೇಯಿಸುವ ಸ್ಲೋ ಕುಕ್ಕರ್ ಬೇಡವೇ ಬೇಡ. ರಾಜ್ಮಾದ ವಿಷಾಂಶ ಹೋಗಲು ಕನಿಷ್ಠ 10 ನಿಮಿಷ ಜೋರಾಗಿ ಕುದಿಯಬೇಕು. 3 ಕೆಜಿ ಒಣ ಕಾಳು ಸಾಕು, ಬೆಂದಾಗ ಎರಡೂವರೆ ಪಟ್ಟು ತೂಗುತ್ತದೆ.

ಕೂಡಿಟ್ಟ ಸಾಮಾನಿನಲ್ಲಿ ಉಬ್ಬಿದ ಟಿನ್ ಡಬ್ಬಿ ಸಿಕ್ಕರೆ ರುಚಿಯೂ ನೋಡಬೇಡಿ, ಎಸೆಯಿರಿ. ಇವತ್ತೇ ಒಂದು ಹಿಡಿ ಬೇಯಿಸಿ ನೋಡಿಬಿಡಿ.